ಕೇಕ್ ಕುಸಿಯಿತು, ಮಗ ಅತ್ತ: ಮಕ್ಕಳ ಜೊತೆ ಬೇಕ್ ಮಾಡಿದರೆ ಅವರು ನಿಜಕ್ಕೂ ಏನಾದರೂ ಕಲಿಯುತ್ತಾರಾ?

ಶಿವಮೊಗ್ಗದಮ್ಮ | ಭಾನುವಾರ, ಸಂಜೆ 6:40

ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಇವತ್ತು ಇಬ್ಬರೂ ಸೇರಿ ಮೊಟ್ಟೆ ಹಾಕದ ಮೊಸರಿನ ಕೇಕ್ ಮಾಡಿದೆವು. ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಎಲ್ಲವನ್ನೂ ಅವನೇ ಅಳೆದ. ನಾನು ಬರೀ ಓದಿ ಹೇಳಿದೆ.

ಓಟಿಜಿಯ (ಅದೇ, ಕರೆಂಟ್ ಓವನ್) ಗಾಜಿನೊಳಗೆ ಕೇಕ್ ಉಬ್ಬುವುದನ್ನು ನೋಡಿ ಕುಣಿದಾಡಿಬಿಟ್ಟ. ಹದಿನೈದು ನಿಮಿಷ ಆಗಿತ್ತೇನೋ, ನೋಡನೋಡುತ್ತಲೇ ನಡುವೆ ಕೆರೆ ಥರ ತಗ್ಗು ಬಿತ್ತು. ಅವನು ಹೋಗಿ ಮಂಚದ ಕೆಳಗೆ ಕೂತ. ಇನ್ನೂ ಅಲ್ಲೇ ಇದ್ದಾನೆ. ಅತ್ತೆ ಒಂದೇ ಮಾತು ಹೇಳಿದರು: "ಅರ್ಧ ಲೀಟರ್ ಮೊಸರು ದಂಡ." ಹಾಕಿದ್ದು ಒಂದೇ ಕಪ್ಪು, ಆದರೆ ಅತ್ತೆಯ ಲೆಕ್ಕವೇ ಬೇರೆ.

ನಾನು ಕೇಳಬೇಕಾದ್ದು ಎರಡು. ಕೇಕ್ ಯಾಕೆ ಕುಸಿಯಿತು? ಇನ್ನೊಂದು, ಮಕ್ಕಳ ಜೊತೆ ಬೇಕ್ ಮಾಡಿದರೆ ಗಣಿತ ಬರುತ್ತೆ, ವಿಜ್ಞಾನ ಬರುತ್ತೆ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ನಿಮ್ಮ ಮನೆಯಲ್ಲಿ ನಿಜವಾಗಿ ಬಂದಿದೆಯಾ? ನಮ್ಮ ಮನೆಗೆ ಇವತ್ತು ಬಂದದ್ದು ಅಳು ಮತ್ತು ಇರುವೆ.


ನೇರಮಾತು | ಭಾನುವಾರ, ರಾತ್ರಿ 7:15

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದೆಲ್ಲ ಸುಮ್ನೆ ಫ್ಯಾಷನ್. ಮೈದಾ, ಸಕ್ಕರೆ, ಎಣ್ಣೆ ಮೂರನ್ನೂ ಕಲಸಿ ಅದಕ್ಕೆ "ಕಲಿಕೆ" ಅಂತ ಹೆಸರಿಟ್ಟರೆ ಆಯ್ತಾ? ನಮ್ಮ ಮಕ್ಕಳಿಗೆ ಅಕ್ಕಿರೊಟ್ಟಿ ತಟ್ಟೋಕೆ ಬರಲ್ಲ, ಕಪ್‌ಕೇಕ್ ಬರುತ್ತೆ. ಅದೂ ಅಲ್ಲದೆ ಮಗು ಅರ್ಧ ಗಂಟೆ ಕಲಿತ ಮೇಲೆ ಒಂದೂವರೆ ಗಂಟೆ ಅಡುಗೆಮನೆ ಒರೆಸುವವರು ಯಾರು? ಅಪ್ಪ ಅಂತೂ ಅಲ್ಲ.


ಬೇಕರಿಹುಡುಗ | ಭಾನುವಾರ, ರಾತ್ರಿ 8:02

ಅಕ್ಕಾ, ಮೊದಲ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತೇನೆ. ಅದಕ್ಕೆ ಮುಂಚೆ ನಾಲ್ಕು ವಿಷಯ ಹೇಳಿ. ಕೇಕಿನ ಬಣ್ಣ ಹೇಗಿತ್ತು, ಹೊಂಬಣ್ಣವಾ ಇಲ್ಲಾ ಕಂದು ಜಾಸ್ತಿಯಾ? ಒಂದು ಚೂರು ಬಾಯಿಗೆ ಹಾಕಿ ನೋಡಿದಿರಾ, ರುಚಿ ಹೇಗಿದೆ? ನಡುವೆ ಬಾಗಿಲು ತೆಗೆದಿರಾ? ಹಿಟ್ಟು ಕಲಸಿ ಎಷ್ಟು ಹೊತ್ತು ಹೊರಗೆ ಇಟ್ಟಿದ್ದಿರಿ?

ಈ ಪ್ರಶ್ನೆಗಳನ್ನು ನೀವು ಉತ್ತರಿಸಬೇಡಿ. ಮಂಚದ ಕೆಳಗೆ ಇರುವವರನ್ನು ಕೇಳಿ.


ಶಿವಮೊಗ್ಗದಮ್ಮ | ಭಾನುವಾರ, ರಾತ್ರಿ 8:50

ಬಂದ ಮಾರಾಯ್ರೆ ಹೊರಗೆ. ಅವನ ಉತ್ತರ ಅವನ ಮಾತಲ್ಲೇ ಬರೆಯುತ್ತೇನೆ. ಬಣ್ಣ: "ಬೆಲ್ಲದ ಥರ." ರುಚಿ: "ಸ್ನಾನ ಮಾಡುವಾಗ ಸೋಪು ಬಾಯಿಗೆ ಹೋಗುತ್ತಲ್ಲ, ಹಂಗೆ." ಬಾಗಿಲು ತೆಗೆದಿಲ್ಲ, ದೇವರಾಣೆ ಅಂದ. ಹಿಟ್ಟು ಹೊರಗೆ ಇದ್ದದ್ದು ಇಪ್ಪತ್ತು ನಿಮಿಷ, ಯಾಕಂದರೆ ಅಷ್ಟರಲ್ಲಿ ಕರೆಂಟ್ ಹೋಯಿತು.


ಬೇಕರಿಹುಡುಗ | ಭಾನುವಾರ, ರಾತ್ರಿ 9:10

ಸೋಪು ಅಂದನಾ! ಹಾಗಾದರೆ ಕೇಸು ಮುಗಿಯಿತು. ಸೋಡಾ ಜಾಸ್ತಿ ಬಿದ್ದಿದೆ. ಅವನು ಯಾವ ಚಮಚದಲ್ಲಿ ಅಳೆದ, ಕೇಳಿ ನೋಡಿ.


ಶಿವಮೊಗ್ಗದಮ್ಮ | ಭಾನುವಾರ, ರಾತ್ರಿ 9:14

ಊಟದ ಚಮಚ. ಪಲ್ಯ ಬಡಿಸುವುದು. ನಾನು "ಅರ್ಧ ಚಮಚ" ಅಂದೆ, ಅವನು ಕೈಗೆ ಸಿಕ್ಕ ಚಮಚ ತಗೊಂಡ. ಅವನದೇನು ತಪ್ಪು?


ಬೇಕರಿಹುಡುಗ | ಭಾನುವಾರ, ರಾತ್ರಿ 9:41

ತಪ್ಪು ನಮ್ಮ ಭಾಷೆಯದು. ನಮ್ಮಲ್ಲಿ ಎಲ್ಲವೂ ಚಮಚ. ಸಾರಿಗೆ ಅದು ನಡೆಯುತ್ತೆ, ಬೇಕಿಂಗಿಗೆ ನಡೆಯಲ್ಲ. ಟೀ ಚಮಚ ಅಂದರೆ 5 ಎಂಎಲ್, ದೊಡ್ಡ ಚಮಚ ಅಂದರೆ 15 ಎಂಎಲ್. ಮೂರು ಪಟ್ಟು. ಸೋಡಾ, ಬೇಕಿಂಗ್ ಪೌಡರ್ ಎರಡೂ ಮೂರು ಪಟ್ಟು ಬಿದ್ದರೆ ಗಾಳಿ ಒಂದೇ ಸಲ ಏಳುತ್ತೆ. ಕೇಕಿನ ಗೋಡೆ ಬೇಯುವ ಮೊದಲೇ ಗುಳ್ಳೆಗಳು ದೊಡ್ಡದಾಗಿ ಒಡೆಯುತ್ತವೆ. ಅಂಚು ಬೆಂದಿರುತ್ತೆ, ನಿಂತುಕೊಳ್ಳುತ್ತೆ. ನಡುಭಾಗ ಇನ್ನೂ ಹಸಿ, ಅದಕ್ಕೇ ಕೂತುಕೊಳ್ಳುತ್ತೆ. ನಿಮ್ಮ ಕೆರೆ ಹುಟ್ಟಿದ್ದು ಹೀಗೆ.

ನಮ್ಮಪ್ಪನದು ಹಾಸನದ ಕಡೆ ಸಣ್ಣ ಬೇಕರಿ, ಸೌದೆ ಭಟ್ಟಿ. ಡಿಗ್ರಿ ತೋರಿಸುವ ಮುಳ್ಳೂ ಇಲ್ಲ, ಮಣ್ಣೂ ಇಲ್ಲ. ಭಟ್ಟಿಯ ನೆಲಕ್ಕೆ ಒಂದು ಚಿಟಿಕೆ ಹಿಟ್ಟು ಎಸೆಯುತ್ತಿದ್ದರು. ಅದು ಎಷ್ಟು ಬೇಗ ಕೆಂಪಾಗುತ್ತೆ ನೋಡಿ ಬನ್ನಿನ ಹೊತ್ತು, ಬ್ರೆಡ್ಡಿನ ಹೊತ್ತು, ಕೊನೆಗೆ ರಸ್ಕಿನ ಹೊತ್ತು ಅಂತ ಹೇಳುತ್ತಿದ್ದರು. ನಾನು 10 ವರ್ಷದವನಿದ್ದಾಗ ಆ ಹಿಟ್ಟನ್ನು ನೋಡಿ ಒಂದರಿಂದ ಎಣಿಸುವುದು ನನ್ನ ಕೆಲಸ.

ಇದನ್ನು ಸಿಹಿಯಾಗಿ ಹೇಳಬಾರದು. ಬೆಳಗಿನ ಜಾವ ಮೂರಕ್ಕೆ ಎಬ್ಬಿಸುತ್ತಿದ್ದರು. ಶಾಲೆಯಲ್ಲಿ ನಿದ್ದೆ ಮಾಡುತ್ತಿದ್ದೆ. ಕೆಲಸ ಅಂತ ಮಾಡಿದ್ದು ನೆನಪಿದೆ, ಕಲಿಕೆ ಅಂತ ಅಲ್ಲ. ಅದಕ್ಕೇ ನನ್ನ ಮಗಳ ಜೊತೆ ತಿಂಗಳಿಗೆ ಒಂದೇ ಸಲ ಮಾಡುತ್ತೇನೆ, ಅದೂ ಅವಳೇ ಕೇಳಿದರೆ.


ಲ್ಯಾಬ್‌ಮೇಡಂ | ಸೋಮವಾರ, ಬೆಳಗ್ಗೆ 7:30

ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಿಮ್ಮ ಮಗನ "ಸೋಪು" ಅನ್ನುವ ಉತ್ತರ ನನ್ನ ಎಷ್ಟೋ ವಿದ್ಯಾರ್ಥಿಗಳ ಉತ್ತರಕ್ಕಿಂತ ಚೆನ್ನಾಗಿದೆ.

ಅಡುಗೆ ಸೋಡಾಕ್ಕೆ ಹುಳಿ ಸಿಕ್ಕರೆ ಇಂಗಾಲದ ಡೈ ಆಕ್ಸೈಡ್ ಬರುತ್ತೆ. ಇಲ್ಲಿ ಹುಳಿ ಅಂದರೆ ಮೊಸರು. ಒಂದು ಕಪ್ ಮೊಸರಿಗೆ ಎಷ್ಟು ಸೋಡಾವನ್ನು ಸರಿಮಾಡಲು ಸಾಧ್ಯವೋ ಅಷ್ಟೇ. ಮಿಕ್ಕ ಸೋಡಾ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಗುತ್ತೆ. ಅದು ಯಾವುದು ಗೊತ್ತಾ? ಬಟ್ಟೆ ಒಗೆಯುವ ಸೋಡಾ! ಅವನ ನಾಲಿಗೆ ಸರಿಯಾಗೇ ಹಿಡಿದಿದೆ. ಬೆಲ್ಲದ ಬಣ್ಣ ಬಂದದ್ದೂ ಅದರಿಂದಲೇ, ಕ್ಷಾರ ಜಾಸ್ತಿಯಾದರೆ ಕೇಕ್ ಬೇಗ ಕಂದಾಗುತ್ತೆ.

ಕರೆಂಟ್ ಹೋದ ಇಪ್ಪತ್ತು ನಿಮಿಷವೂ ಸ್ವಲ್ಪ ಕಾರಣ. ಮೊಸರು ಮತ್ತು ಸೋಡಾ ಸೇರಿದ ಕ್ಷಣದಿಂದಲೇ ಗಾಳಿ ಹೊರಟಿರುತ್ತೆ, ಅದು ಕರೆಂಟ್ ಕಂಪನಿ ಮೆಸ್ಕಾಂಗೆ ಕಾಯಲ್ಲ.

ಅವನಿಗೆ ಮೂರು ಲೋಟ ಕೊಡಿ. ಒಂದರಲ್ಲಿ ನೀರು, ಒಂದರಲ್ಲಿ ಮೊಸರು, ಒಂದರಲ್ಲಿ ನಿಂಬೆರಸ. ಮೂರಕ್ಕೂ ಕಾಲು ಟೀ ಚಮಚ ಸೋಡಾ ಹಾಕಿ. ನೊರೆ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ನೋಡಲಿ. ಹಳೇ ಬೇಕಿಂಗ್ ಪೌಡರ್ ಇದ್ದರೆ ಬಿಸಿನೀರಿಗೆ ಹಾಕಿ. ಗುಳ್ಳೆ ಬಂದರೆ ಜೀವ ಇದೆ, ಇಲ್ಲವಾದರೆ ಡಬ್ಬಿ ಎಸೆಯಿರಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಮತ್ತು ಹುಳಿ ಪುಡಿ ಎರಡೂ ಒಣಗಿಸಿ ಒಟ್ಟಿಗೆ ಇಟ್ಟಿರುತ್ತಾರೆ, ಅದಕ್ಕೆ ನೀರು ಸಾಕು. ಇದನ್ನು ನೀವು ಹೇಳಬೇಡಿ. "ಇದಕ್ಕೆ ಮೊಸರಿಲ್ಲದೆ ಹೇಗೆ ಗುಳ್ಳೆ ಬಂತು?" ಅಂತ ಅವನೇ ಕೇಳುವ ತನಕ ಕಾಯಿರಿ.


ನೇರಮಾತು | ಸೋಮವಾರ, ಬೆಳಗ್ಗೆ 9:05

ಇಡ್ಲಿ ಹಿಟ್ಟು ಉಬ್ಬುವುದೂ ಇದೇ ಗಾಳಿಯಿಂದ ಅಲ್ವಾ? ಅದನ್ನು ತೋರಿಸಿ ಸಾಕು. ಓಟಿಜಿ ಯಾಕೆ ಬೇಕು?


ಲ್ಯಾಬ್‌ಮೇಡಂ | ಸೋಮವಾರ, ಬೆಳಗ್ಗೆ 9:20

ಹೌದು ಸರ್, ಅದೇ ಗಾಳಿ. ಅಲ್ಲಿ ಬ್ಯಾಕ್ಟೀರಿಯಾ ರಾತ್ರಿಯಿಡೀ ನಿಧಾನಕ್ಕೆ ಮಾಡುತ್ತವೆ, ಇಲ್ಲಿ ಸೋಡಾ ಎರಡು ನಿಮಿಷದಲ್ಲಿ ಮಾಡುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಇನ್ನೂ ಚೆನ್ನ. ಇಡ್ಲಿ ಬೇಡ ಅಂತ ಯಾರು ಹೇಳಿದರು?


ಗಣಿತಮೇಷ್ಟ್ರು | ಸೋಮವಾರ, ಮಧ್ಯಾಹ್ನ 12:30

ತಿಪಟೂರಿನವನು, ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ಗಣಿತ ಬರುತ್ತದಾ ಅಂತ ಕೇಳಿದಿರಲ್ಲ ತಾಯಿ, ತಾನಾಗಿ ಬರಲ್ಲ. ಪಾಕವಿಧಾನ ಇದ್ದ ಹಾಗೇ ಮಾಡಿದರೆ ಮಗು ಕಪ್ಪು ತುಂಬಿಸುತ್ತೆ, ಸುರಿಯುತ್ತೆ, ಅಷ್ಟೇ. ಅದರಲ್ಲಿ ಲೆಕ್ಕ ಎಲ್ಲಿದೆ? ಲೆಕ್ಕ ಹುಟ್ಟುವುದು ಏನಾದರೂ ಕಡಿಮೆ ಬಿದ್ದಾಗ.

ಮೊಮ್ಮಗಳ ಕತೆ ಹೇಳುತ್ತೇನೆ. ಅವಳಿಗೆ ಕೇಕ್ ಮಾಡಬೇಕು, ಮನೆಯಲ್ಲಿ ಮೈದಾ ಅರ್ಧದಷ್ಟೇ ಇದೆ. ಹಾಗಾದರೆ ಎಲ್ಲವೂ ಅರ್ಧ. ಒಂದು ಕಪ್ಪಿನ ಅರ್ಧ ಗೊತ್ತು. ಅರ್ಧ ಕಪ್ಪಿನ ಅರ್ಧ ಕಾಲು, ಅದೂ ಗೊತ್ತು. ಮುಕ್ಕಾಲು ಕಪ್ ಸಕ್ಕರೆಯ ಅರ್ಧ? ಅಲ್ಲಿ ನಿಂತಳು. ಅಂಥ ಅಳತೆಯ ಕಪ್ಪೇ ಪೆಟ್ಟಿಗೆಯಲ್ಲಿ ಇಲ್ಲ. ನಾನು ಬಾಯಿ ಬಿಡಲಿಲ್ಲ, ಕಷ್ಟಪಟ್ಟು. ದೊಡ್ಡ ಚಮಚದಲ್ಲಿ ಒಂದು ಕಪ್ಪಿಗೆ ನೀರು ಎಣಿಸಿ ಎಣಿಸಿ ಹಾಕಿದಳು. 16 ಬಂತು. ಹಾಗಾದರೆ ಮುಕ್ಕಾಲು ಕಪ್ಪಿಗೆ 12. ಅದರ ಅರ್ಧ 6. ಆರು ಚಮಚ ಸಕ್ಕರೆ ಹಾಕಿ ನನ್ನ ಮುಖ ನೋಡಿದಳು!

ಆ 16 ಕೇಳಿದಾಗ ನನಗೆ ನಗು ಬಂತು. ನಮ್ಮ ಕಾಲದ ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಇವರ ಕಪ್ಪಿಗೆ ನಾಲ್ಕು ಕಾಲು ಕಪ್ಪು, ಹದಿನಾರು ಚಮಚ. ಎಲ್ಲೋ ಪಶ್ಚಿಮದಿಂದ ಬಂದ ಅಳತೆ, ಅರ್ಧ ಮಾಡುತ್ತಾ ಹೋಗುವ ಬುದ್ಧಿ ಮಾತ್ರ ಒಂದೇ. ಕನ್ನಡದಲ್ಲಿ ಇದಕ್ಕೆಲ್ಲ ಹೆಸರಿದೆ ಅಂತ ಅವಳಿಗೆ ಹೇಳಿದೆ: ಅರೆ, ಕಾಲು, ಅರೆಕಾಲು, ವೀಸ. ಎಂಟರಲ್ಲಿ ಒಂದು ಅರೆಕಾಲು. ಹದಿನಾರರಲ್ಲಿ ಒಂದು ವೀಸ. ಅಂದರೆ ದೊಡ್ಡ ಚಮಚ ಅಂದರೆ ಕಪ್ಪಿನ ವೀಸ. ಈಗ ಅವಳು ತಮ್ಮನಿಗೆ "ಒಂದು ವೀಸ ಸಕ್ಕರೆ ಕೊಡೋ" ಅನ್ನುತ್ತಾಳೆ. ಅವಳಮ್ಮನಿಗೆ ಅರ್ಥವಾಗಲ್ಲ.


ಕುಡ್ಲದವಳು | ಸೋಮವಾರ, ಮಧ್ಯಾಹ್ನ 3:10

ಮೇಷ್ಟ್ರೇ, ವೀಸ ಸೂಪರ್! ನಮ್ಮಲ್ಲಿ ವೀಸಾ ಅಂದರೆ ದುಬೈಗೆ ಹೋಗಲು ಬೇಕಾದ್ದು ಮಾತ್ರ.

ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತು ಅಂದರೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡುವ ಸಡಗರ. ಅದರಲ್ಲಿ ಕಿಡಿಯೋ ಮಕ್ಕಳ ಪಾಲು. ಪುಟ್ಟ ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಸುತ್ತುವುದು. ಹುಳದ ಥರ ಕಾಣುತ್ತೆ, ಹೆಸರೂ ಅದೇ ಅರ್ಥದ್ದು. ಇದು ಎಣ್ಣೆಯಲ್ಲಿ ಕರಿಯುವುದು, ಬೇಕಿಂಗ್ ಅಲ್ಲ, ಆದರೂ ಹೇಳುತ್ತೇನೆ. ಮೂರು ವರ್ಷದ ಮಗುವಿನ ಕಿಡಿಯೋ ಇಟ್ಟಿಗೆ ಥರ, ಹತ್ತು ವರ್ಷದವಳದು ಅಚ್ಚುಕಟ್ಟು. ಎಲ್ಲವೂ ಒಂದೇ ಬಾಣಲೆಗೆ ಬೀಳುತ್ತೆ, ಒಂದೇ ತಟ್ಟೆಯಲ್ಲಿ ನೆರೆಮನೆಗೆ ಹೋಗುತ್ತೆ. ಇಟ್ಟಿಗೆಗಳನ್ನು ತೆಗೆದು ಬೇರೆ ಇಡುವ ಹಾಗಿಲ್ಲ. ನನ್ನಮ್ಮ ಒಮ್ಮೆ ನನ್ನದನ್ನು ಬೇರೆ ಇಟ್ಟಿದ್ದರು, ನನಗೆ ಈಗ 44, ಇನ್ನೂ ಮರೆತಿಲ್ಲ.


ರಾಗಿಮನೆ | ಸೋಮವಾರ, ರಾತ್ರಿ 8:15

ಮಂಡ್ಯದಿಂದ. ನಾವು ರಾಗಿ ಬಿಸ್ಕತ್ತು ಮಾಡುತ್ತೇವೆ, ಮಗಳಿಗೆ 6. ಹೋದ ವಾರ ಪೂರ್ತಿ ರಾಗಿ ಹಿಟ್ಟಿನಲ್ಲೇ ಮಾಡಿದೆವು, ಮುಟ್ಟಿದರೆ ಪುಡಿ ಪುಡಿ. ಅವಳ ಪ್ರಶ್ನೆ: "ಮುದ್ದೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಅದೇ ಹಿಟ್ಟು ಬಿಸ್ಕತ್ತಿನಲ್ಲಿ ಯಾಕೆ ಅಂಟಲ್ಲ?" ನನಗೆ ಉತ್ತರ ಬರಲಿಲ್ಲ. ಲ್ಯಾಬ್ ಮೇಡಂ, ಯಾಕೆ?


ಲ್ಯಾಬ್‌ಮೇಡಂ | ಸೋಮವಾರ, ರಾತ್ರಿ 9:00

ಎಂಥಾ ಪ್ರಶ್ನೆ! ಮುದ್ದೆಯಲ್ಲಿ ಕುದಿಯುವ ನೀರಿದೆ. ರಾಗಿಯ ಪಿಷ್ಟ ಆ ನೀರನ್ನು ಕುಡಿದು ಊದಿ ಗಂಜಿಯಂತೆ ಅಂಟಾಗುತ್ತೆ. ಬಿಸ್ಕತ್ತಿನ ಹಿಟ್ಟಿನಲ್ಲಿ ಬೆಣ್ಣೆಯೇ ಜಾಸ್ತಿ, ನೀರು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಗೋಧಿಯಲ್ಲಿರುವ ಗ್ಲುಟೆನ್ ಅಂಟು ರಾಗಿಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಹಿಡಿದುಕೊಳ್ಳಲು ಯಾರೂ ಇಲ್ಲ. ಅರ್ಧ ಗೋಧಿ ಹಿಟ್ಟು ಸೇರಿಸಿ ನೋಡಿ.

ಗೋಧಿ ಹಿಟ್ಟನ್ನು ತೊಳೆದರೆ ಆ ಅಂಟು ಕೈಗೇ ಸಿಗುತ್ತೆ. ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ನೀರಿನ ಬಟ್ಟಲಲ್ಲಿ ಹಿಸುಕುತ್ತಾ ಇರಲಿ. ನೀರು ಬೆಳ್ಳಗಾಗುತ್ತಾ ಹೋಗಿ, ಕೊನೆಗೆ ಚೂಯಿಂಗ್ ಗಮ್ ಥರದ್ದು ಕೈಯಲ್ಲಿ ಉಳಿಯುತ್ತೆ. ರಾಗಿ ಉಂಡೆಯಲ್ಲಿ ಹೀಗೇ ಮಾಡಿದರೆ ಏನೂ ಉಳಿಯಲ್ಲ. ಆರು ವರ್ಷದವಳಿಗೆ ಇಷ್ಟವಾಗುತ್ತೆ, ಅಡುಗೆಮನೆ ಮಾತ್ರ ನೇರಮಾತು ಅವರು ಹೇಳಿದ ಹಾಗೆ ಆಗುತ್ತೆ.


ಹಿಟ್ಟಿನಪ್ಪ | ಮಂಗಳವಾರ, ಬೆಳಗಿನ ಜಾವ 2:20

ನೇರಮಾತು ಅವರೇ, ಒರೆಸುವ ಅಪ್ಪ ಇಲ್ಲೊಬ್ಬ ಇದ್ದೇನೆ. ಜರ್ಮನಿಯ ಸ್ಟುಟ್‌ಗಾರ್ಟ್. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಇಲ್ಲಿ ಮನೆಮನೆಯಲ್ಲಿ ಮಕ್ಕಳ ಜೊತೆ ಬಿಸ್ಕತ್ತು ಮಾಡುತ್ತಾರೆ. ಬಾದಾಮಿ ಪುಡಿ ಹಾಕಿದ ಅರ್ಧಚಂದ್ರದ ಒಂದು ಬಿಸ್ಕತ್ತಿದೆ, ವನಿಲ್ಲೆಕಿಪ್‌ಫೆರ್ಲ್ ಅಂತ. ನನ್ನ ಮಗಳು ಅದನ್ನು "ಪುಟ್ಟ ಕಡುಬು" ಅನ್ನುತ್ತಾಳೆ.

ಇಲ್ಲಿ ಕಪ್ಪು ಚಮಚದ ಗೊಂದಲ ಕಡಿಮೆ, ಎಲ್ಲ ಗ್ರಾಂ ಲೆಕ್ಕ. ತಕ್ಕಡಿ ಮೇಲೆ ಬಟ್ಟಲು ಇಟ್ಟು ಸೊನ್ನೆಗೆ ತರುವುದೇ ಅವಳಿಗೆ ಆಟ. ಅಕ್ಕಾ, 300 ರೂಪಾಯಿಯ ಆಸುಪಾಸಿನಲ್ಲಿ ಊರಲ್ಲೂ ಸಣ್ಣ ತಕ್ಕಡಿ ಸಿಗುತ್ತೆ, ತಗೊಳ್ಳಿ.

ನಾನು ಹೇಳಬೇಕೆಂದಿದ್ದು ಬೇರೆ. ಅವಳಿಗೆ ಕನ್ನಡದಲ್ಲಿ ಹೆಸರುಗಳು ಬರುತ್ತವೆ: ನೀರು, ಬೆಕ್ಕು, ಮನೆ. ಕ್ರಿಯಾಪದ ಬರುತ್ತಿರಲಿಲ್ಲ, ಎಲ್ಲದಕ್ಕೂ "ಮಾಡು". ಹಿಟ್ಟು ಮಾಡು, ಬೆಣ್ಣೆ ಮಾಡು. ಜೊತೆಗೆ ಬಿಸ್ಕತ್ತು ಮಾಡಲು ಶುರುಮಾಡಿದ ಮೇಲೆ ಜರಡಿ ಹಿಡಿ, ಕಲಸು, ನಾದು, ಲಟ್ಟಿಸು, ಸವರು, ಉದುರಿಸು, ಆರಿಸು ಎಲ್ಲ ಬಂತು. ಕೈ ಮಾಡುತ್ತಾ ಇದ್ದರೆ ಪದ ಕೂತುಬಿಡುತ್ತೆ. "ಹದ" ಅನ್ನುವುದನ್ನು ಜರ್ಮನ್‌ನಲ್ಲಿ ಹೇಳಲು ಹೋಗಿ ನಾನೇ ಸೋತೆ. ಕೊನೆಗೆ ಹಿಟ್ಟನ್ನೇ ಅವಳ ಕೈಗೆ ಕೊಟ್ಟೆ. ಈಗ ಆಟದ ಮಣ್ಣು ಸಾಕಷ್ಟು ಒದ್ದೆಯಾದಾಗಲೂ "ಅಪ್ಪ, ಹದ ಬಂತು" ಅನ್ನುತ್ತಾಳೆ.


ಅಜ್ಜಿಮನೆ | ಮಂಗಳವಾರ, ಬೆಳಗ್ಗೆ 10:40

ಕುಮಟೆಯವಳು. ಬೇಕಿಂಗ್ ಹೊಸದು ಅಂತ ಯಾಕೆ ಅಂದುಕೊಂಡಿದ್ದೀರಿ? ನಾವು ಸೌತೆಕಾಯಿ, ಅಕ್ಕಿರವೆ, ಬೆಲ್ಲ, ಕಾಯಿ ಹಾಕಿ ತವಸಳಿ ಮಾಡುತ್ತಿದ್ದೆವು. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಓಟಿಜಿಯ ಮೇಲಿನ ರಾಡು, ಕೆಳಗಿನ ರಾಡು ಅಂದರೆ ಅದೇ ತಾನೆ. ಮುಚ್ಚಳದ ಕೆಂಡ ತೆಗೆಯುವ ಇಕ್ಕಳ ಮುಟ್ಟಲು ಅಮ್ಮ ನನಗೆ 12 ವರ್ಷ ಆಗುವವರೆಗೆ ಬಿಡಲಿಲ್ಲ. ಅಲ್ಲಿಯವರೆಗೆ ಸೌತೆಕಾಯಿ ತುರಿ, ವಾಸನೆ ನೋಡಿ ಹೇಳು, ಅಷ್ಟೇ. ಬೆಂದಿತಾ ಇಲ್ಲವಾ ಅಂತ ವಾಸನೆಯಲ್ಲೇ ಹೇಳಬೇಕಿತ್ತು. ಈಗಿನವರಿಗೆ ಟಿಂಗ್ ಅಂತ ಗಂಟೆ ಹೊಡೆಯುತ್ತೆ.

ಮಗುವಿನ ಅಜ್ಜಿಯನ್ನೂ ಒಳಗೆ ಕರೆಯಿರಿ. ಹೊರಗೆ ಕೂತವರು ಮೊಸರಿನ ಲೆಕ್ಕ ಹಾಕದೆ ಇನ್ನೇನು ಮಾಡುತ್ತಾರೆ?


ಕುಡ್ಲದವಳು | ಮಂಗಳವಾರ, ಬೆಳಗ್ಗೆ 11:05

ಇಕ್ಕಳದ ಮಾತು ಬಂದಿದ್ದಕ್ಕೆ ಒಂದು ಹೇಳಿಬಿಡುತ್ತೇನೆ. ಓಟಿಜಿಯ ಹೊರಮೈ, ಗಾಜು ಎರಡೂ ಸುಡುತ್ತೆ, ಮಕ್ಕಳು ಮೂಗು ಒತ್ತಿ ನೋಡಲು ಹೋಗುತ್ತವೆ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ, ಅದರಾಚೆ ನಿಂತು ನೋಡಲಿ. ಕಲಸಿದ ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಹಸಿ ಮೊಟ್ಟೆಯಲ್ಲಿ ಮಾತ್ರ ಅಲ್ಲ, ಹಸಿ ಮೈದಾದಲ್ಲೂ ರೋಗಾಣು ಇರಬಹುದು. ನಾವು ನೆಕ್ಕಿಯೇ ಬೆಳೆದೆವು, ಗೊತ್ತು. ಆದರೂ ಬೇಡ.


ನೇರಮಾತು | ಮಂಗಳವಾರ, ಸಂಜೆ 5:30

ಸರಿ, ವಿಜ್ಞಾನ ಒಪ್ಪಿದೆ. ಮೇಷ್ಟ್ರ ವೀಸವನ್ನೂ ಒಪ್ಪಿದೆ. ಸಕ್ಕರೆಗೆ ಏನು ಹೇಳುತ್ತೀರಿ?


ಬೇಕರಿಹುಡುಗ | ಮಂಗಳವಾರ, ರಾತ್ರಿ 9:30

ಸರ್, ಅದಕ್ಕೇ ಮನೆಯಲ್ಲಿ ಮಾಡಬೇಕು ಅನ್ನುವವನು ನಾನು. ಬೇಕರಿಯವನ ಮಗನಾಗಿ ಹೇಳುತ್ತೇನೆ. ಅಂಗಡಿಯ ಕೇಕ್ ಪೀಸಿನಲ್ಲಿ ಸಕ್ಕರೆ ಕಾಣಲ್ಲ, ಕೆನೆ ಮತ್ತು ಚೆರ್ರಿ ಕಾಣುತ್ತೆ. ಮನೆಯಲ್ಲಿ ಮುಕ್ಕಾಲು ಕಪ್, ಅಂದರೆ ಸುಮಾರು 150 ಗ್ರಾಂ ಸಕ್ಕರೆ ಮಗುವಿನ ಕಣ್ಣೆದುರೇ ಬಟ್ಟಲಿಗೆ ಬೀಳುತ್ತೆ. ಹತ್ತು ತುಂಡು ಮಾಡಿದರೆ ತುಂಡಿಗೆ 15 ಗ್ರಾಂ. ನನ್ನ ಮಗಳು ಮೊದಲ ಸಲ ನೋಡಿ "ಇಷ್ಟೊಂದಾ?" ಅಂದಳು. ನಾನು ಭಾಷಣ ಮಾಡಲಿಲ್ಲ. ಮುಂದಿನ ಸಲ ಅವಳೇ ಎರಡು ಚಮಚ ತೆಗೆದಳು. ಅದರ ಮುಂದಿನ ಸಲ ಮತ್ತೆ ವಾಪಸ್ ಹಾಕಿದಳು, ಅದೂ ನಿಜವೇ.


ಶಿವಮೊಗ್ಗದಮ್ಮ | ಮುಂದಿನ ಭಾನುವಾರ, ರಾತ್ರಿ 8:30

ವರದಿ ಒಪ್ಪಿಸಬೇಕು. ವಾರವಿಡೀ ಮನೆಯಲ್ಲಿ ಮೂರು ಲೋಟದ ಪ್ರಯೋಗ ನಡೆಯಿತು. ನಿಂಬೆಹಣ್ಣು ಏಳು ಖರ್ಚು. ಬೇಕಿಂಗ್ ಪೌಡರ್ ನೀರಿನಲ್ಲೇ ನೊರೆ ಬಂದಾಗ ಅವನು ಕೇಳಿದ ಪ್ರಶ್ನೆ ಲ್ಯಾಬ್ ಮೇಡಂ ಬರೆದದ್ದೇ, ಹೆಚ್ಚುಕಡಿಮೆ ಅಕ್ಷರ ಅಕ್ಷರ. ನನಗೆ ಮೈ ಝುಂ ಅಂತು.

ಟೀ ಚಮಚದ ಹಿಡಿಗೆ ಅವನು ನನ್ನ ಕೆಂಪು ನೇಲ್ ಪಾಲಿಷ್ ಹಚ್ಚಿದ್ದಾನೆ. ಯಾರೂ ಅದರಲ್ಲಿ ಉಪ್ಪಿನಕಾಯಿ ತೆಗೆಯುವಂತಿಲ್ಲ.

ಇವತ್ತು ಎರಡನೇ ಕೇಕ್. ಉಳಿದದ್ದೆಲ್ಲ ಹೋದ ವಾರದ ಹಾಗೇ, ಚಮಚ ಮಾತ್ರ ಬದಲು. "ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯ್ತು ಗೊತ್ತಾಗಲ್ಲ" ಅಂದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ನಿಮ್ಮ ಯಾರ ಉತ್ತರದಲ್ಲೂ ಇರಲಿಲ್ಲ. ಆದರೆ ಕರೆಂಟ್ ಇದ್ದದ್ದರಿಂದ ಹಿಟ್ಟು ಕಾಯಲಿಲ್ಲ, ಅದೂ ಬದಲಾವಣೆ ಅಲ್ವಾ ಅಂತ ನಾನು ಕೇಳಿದೆ. ಯೋಚನೆ ಮಾಡಿ, ಹಿಟ್ಟನ್ನು ಬೇಕಂತಲೇ ಇಪ್ಪತ್ತು ನಿಮಿಷ ಹೊರಗೆ ಇಟ್ಟ. ಗಡಿಯಾರದ ಮುಂದೆ ಕೂತು! ಓಟಿಜಿಯನ್ನು 180 ಡಿಗ್ರಿಗೆ ಕಾಯಿಸಿಟ್ಟು ನಾನೂ ಜೊತೆಗೆ ಕೂತೆ.

ಉಬ್ಬಿತು, ನಿಂತಿತು, ಕುಸಿಯಲಿಲ್ಲ. ಸ್ವಲ್ಪ ಗಟ್ಟಿ. ಹಿಟ್ಟನ್ನು ಹೊರಗೆ ಇಟ್ಟಿದ್ದಕ್ಕೇ ಗಟ್ಟಿ ಅಂತ ಅವನ ತೀರ್ಪು, ಮುಂದಿನ ವಾರ ಹಾಗೆ ಇಡದೆ ಮಾಡುತ್ತಾನಂತೆ. ಶಾಲೆಯ ಹಳೇ ನೋಟ್‌ಬುಕ್ಕಿನ ಹಿಂದೆ ಬರೆದಿದ್ದಾನೆ: "ಕೇಕ್ 2. ಸೋಪು ಇಲ್ಲ. ಕೆರೆ ಇಲ್ಲ. ಅಜ್ಜಿ 2 ಪೀಸ್."

ಅತ್ತೆ ಕಾಫಿ ಜೊತೆ ತಿಂದು, "ಏಲಕ್ಕಿ ಹಾಕಬಹುದಿತ್ತು" ಅಂದರು. ಮುಂದಿನ ವಾರ ಏಲಕ್ಕಿ ಕುಟ್ಟುವುದು ಅವರ ಪಾಲಿಗೆ ಬಂದಿದೆ. ಒಂದೇ ಸಲ ಎರಡು ಬದಲಾವಣೆ ಆಗುತ್ತಲ್ಲ ಅಂತ ಮಗನಿಗೆ ಈಗ ತಲೆಬಿಸಿ. ಅಡುಗೆಮನೆ ಇನ್ನೂ ಒರೆಸಿಲ್ಲ, ನೇರಮಾತು ಸರ್.


ನೇರಮಾತು | ಮುಂದಿನ ಭಾನುವಾರ, ರಾತ್ರಿ 8:52

ಒರೆಸುವ ಬಟ್ಟೆಗೂ ಒಂದು ನೇಲ್ ಪಾಲಿಷ್ ಹಚ್ಚಿ ಅವನ ಕೈಗೇ ಕೊಡಿ.


ಶಿವಮೊಗ್ಗದಮ್ಮ | ಮುಂದಿನ ಭಾನುವಾರ, ರಾತ್ರಿ 9:05

ಬೇಕರಿ ಮಾಮನಿಗೆ ಅವನದೊಂದು ಪ್ರಶ್ನೆ ಇದೆ. ಬೇಕರಿಯಲ್ಲಿ ಸಿಗುವ ಖಾರ ಬಿಸ್ಕತ್ತು ಮನೆಯಲ್ಲಿ ಮಾಡುವಾಗ ಹಸಿಮೆಣಸಿನಕಾಯಿಯ ಬೀಜ ತೆಗೆಯಬೇಕಾ?


ಬೇಕರಿಹುಡುಗ | ಮುಂದಿನ ಭಾನುವಾರ, ರಾತ್ರಿ 9:20

ಬೇಡ ಪುಟ್ಟಾ, ಬೀಜ ಇರಲಿ, ಆದರೆ ಎರಡೇ ಮೆಣಸಿನಕಾಯಿ. ಕರಿಬೇವು, ಕೊತ್ತಂಬರಿ ಜಾಸ್ತಿ ಹಾಕು, ಸಕ್ಕರೆ ಒಂದು ಚಮಚ, ನಿನ್ನ ಕೆಂಪು ಚಮಚದಲ್ಲಿ. ಮೆಣಸಿನಕಾಯಿ ಅಮ್ಮ ಹೆಚ್ಚಿಕೊಡಲಿ. ಹಿಟ್ಟು ಕಲಸಿದ ಕೈಯನ್ನು ಸೋಪು ಹಾಕಿ ತೊಳೆಯುವ ತನಕ ಕಣ್ಣಿಗೆ ಹಚ್ಚಬೇಡ. ನಾನು ಹಚ್ಚಿದ್ದೆ.